“ಸರ್, ಫೋಟೋಕ್ಕ ಏನ್ ಹಾಕ್ಕೊಂಡ ಬರ್ಲಿ?”

ರಾತ್ರಿ ಒಂಬತ್ತರ ಸುಮಾರಿಗೆ ಫೋನ್ ಬರುತ್ತದೆ. “ಸರ್, ನಾಳಿ ಮುಂಜಾನೆ ಫೋಟೋ ತೆಗಸಾಕ ಬರ್ತೇನ್ರಿ. ಏನ್ ಹಾಕ್ಕೊಂಡ ಬರ್ಲಿ?” ಬಾಗಲಕೋಟೆಯ ನವನಗರದಲ್ಲಿ ಸ್ಟುಡಿಯೊ ಇಟ್ಟಾಗಿನಿಂದ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ರೇಟ್ ಎಷ್ಟು ಅನ್ನುವುದು ಇದರ ನಂತರ. ಬೆಂಗಳೂರು, ಪುಣೆ ಕಂಪನಿಗಳಿಗೆ ಅರ್ಜಿ ಹಾಕುವ ಹುಡುಗರು, ಕಾಲೇಜಿನ ವೆಬ್‌ಸೈಟಿಗೆ ಫೋಟೋ ಕೊಡಬೇಕಾದ ಲೆಕ್ಚರರುಗಳು, ಹೊಸದಾಗಿ ದವಾಖಾನೆ ತೆಗೆದ ಡಾಕ್ಟರುಗಳು, ವಿಮಾ ಏಜೆಂಟರು, ಎಲ್ಲರಿಗೂ ಬೇಕಾದದ್ದು ಎದೆಯಿಂದ ಮೇಲಿನ ಒಂದು ಚಂದದ ಫೋಟೋ.

ನಾನು ಹೇಳುವುದು ಇಷ್ಟೇ: ನಿಮ್ಮ ಕೆಲಸಕ್ಕೆ ಒಳ್ಳೆಯ ದಿನ ಏನು ಹಾಕಿಕೊಂಡು ಹೋಗುತ್ತೀರೋ ಅದನ್ನೇ ಹಾಕಿಕೊಂಡು ಬನ್ನಿ. ಇದನ್ನು ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. “ಅಷ್ಟ ಏನ್ರಿ? ಕೋಟ್ ಬ್ಯಾಡೇನ್ರಿ?”

ಕೋಟು. ನಮ್ಮ ಕಡೆ ಯಾವ ಸ್ಟುಡಿಯೊಕ್ಕೆ ಹೋದರೂ ಕನ್ನಡಿಯ ಪಕ್ಕದ ಮೊಳೆಗೆ ಒಂದು ಕರಿ ಕೋಟು, ಗಂಟು ಹಾಕಿಯೇ ಇಟ್ಟ ಒಂದು ಟೈ, ಕೆಳಗೆ ಒಂದು ಹಣಿಗೆ ಇರುತ್ತವೆ. ನನ್ನಲ್ಲಿರುವ ಕೋಟು ನನ್ನದಲ್ಲ, ಕೆಲಸ ಕಲಿಸಿದ ಗುರುಗಳದ್ದು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋದಾಗ ಅವರು ನವನಗರಕ್ಕೆ ಬಂದರು, ಕ್ಯಾಮೆರಾ ಪೆಟ್ಟಿಗೆಯ ಜೊತೆ ಕೋಟೂ ಬಂತು. ರೀಲಿನ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಹಳ್ಳಿಯಿಂದ ನೌಕರಿ ಅರ್ಜಿಗೆ ಫೋಟೋ ತೆಗೆಸಲು ಬರುವ ಹುಡುಗನ ಅಂಗಿಯ ಕಾಲರು ಸವೆದಿರುತ್ತಿತ್ತು, ಹೆಗಲಲ್ಲಿ ಹೊಲಿಗೆ ಬಿಟ್ಟಿರುತ್ತಿತ್ತು. ಗುರುಗಳು ಒಂದು ಮಾತನ್ನೂ ಆಡದೆ ಕೋಟು ತೊಡಿಸುತ್ತಿದ್ದರು, ದೊಡ್ಡದಾದರೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಚಿಮಟಿ ಸಿಗಿಸುತ್ತಿದ್ದರು. ಮುಂದಿನಿಂದ ಸಾಹೇಬ, ಹಿಂದಿನಿಂದ ನಾಲ್ಕು ಚಿಮಟಿ.

ನಾನು ಆ ಚಾಳಿಯನ್ನು ಸುಮ್ಮನೆ ಮುಂದುವರಿಸಿದೆ, ತಪ್ಪು ಮಾಡಿದೆ. ಸ್ಟುಡಿಯೊ ಶುರುಮಾಡಿದ ಹೊಸದರಲ್ಲಿ ಒಬ್ಬ ಲೆಕ್ಚರರು ಅರ್ಧ ತೋಳಿನ ತಿಳಿನೀಲಿ ಅಂಗಿಯಲ್ಲಿ ಬಂದಿದ್ದರು, ಚೆನ್ನಾಗಿಯೇ ಕಾಣುತ್ತಿದ್ದರು. ನಾನೇ ಒತ್ತಾಯ ಮಾಡಿ ಕೋಟು ಹಾಕಿಸಿದೆ. ವಾರದ ಮೇಲೆ ಬಂದು ಹೇಳಿದರು: “ನಮ್ಮ ಅವ್ವ ಫೋಟೋ ನೋಡಿ, ಇಂವ ಯಾರೋ ಅಂದಳ್ರಿ.” ಎರಡನೆಯ ಸಲ ನೀಲಿ ಅಂಗಿಯಲ್ಲೇ ತೆಗೆದುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ದಿನಾ ಕೋಟು ಹಾಕುವವರು, ಅಂದರೆ ವಕೀಲರು, ಕೆಲವು ಬ್ಯಾಂಕಿನವರು, ಧಾರಾಳವಾಗಿ ಹಾಕಲಿ. ಅವರ ಹೆಗಲು ಅದಕ್ಕೆ ಒಗ್ಗಿರುತ್ತದೆ. ಉಳಿದವರು ಕೋಟಿನೊಳಗೆ ಉಸಿರು ಬಿಗಿಹಿಡಿದು ಕೂರುತ್ತಾರೆ, ಮುಖದಲ್ಲಿ ಅದು ಕಾಣುತ್ತದೆ.

ಇನ್ನು ಅಂಗಿ. ಇಲ್ಲಿ ನನ್ನ ಮಾತು ಸ್ವಲ್ಪ ಉದ್ದ, ಯಾಕಂದರೆ ಕೆಡುವುದು ಇಲ್ಲೇ.

ದೂರದಿಂದ ಬರೀ ಬೂದಿಯ ಬಣ್ಣದಂತೆ ಕಂಡು, ಹತ್ತಿರ ಹೋದರೆ ಎಳೆ ಎಳೆ ಚೌಕಳಿ ಕಾಣುವ ಅಂಗಿ ಇರುತ್ತದಲ್ಲ, ಅದನ್ನು ಮನೆಯಲ್ಲೇ ಬಿಡಿ. ಕ್ಯಾಮೆರಾದೊಳಗಿನ ಸೆನ್ಸರ್ ಕೂಡ ಒಂದು ಚೌಕಳಿಯೇ, ಸಾಲುಸಾಲು ಚುಕ್ಕೆಗಳು. ಅಂಗಿಯ ಗೆರೆ ಮತ್ತು ಆ ಚುಕ್ಕೆಗಳ ಸಾಲು ಹೆಚ್ಚುಕಡಿಮೆ ಒಂದೇ ಅಂತರದವಾದರೆ, ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಾಸಿದಾಗ ಮೂಡುವ ಅಲೆಗಳು ಅಂಗಿಯ ಮೇಲೂ ಮೂಡುತ್ತವೆ. ಮೊವಾರೆ ಅನ್ನುತ್ತಾರೆ ಅದಕ್ಕೆ. ಮೊದಲು ಕ್ಯಾಮೆರಾಗಳಲ್ಲಿ ಇದನ್ನು ತಡೆಯುವ ತೆಳು ಫಿಲ್ಟರ್ ಇರುತ್ತಿತ್ತು. 2013ರ ನಿಕಾನ್ ಡಿ7100ರಲ್ಲಿ ಅದನ್ನು ತೆಗೆದುಹಾಕಿದರು, ಚಿತ್ರ ಇನ್ನಷ್ಟು ಚೂಪಾಯಿತು, ನಮ್ಮ ತಲೆನೋವೂ ಹೆಚ್ಚಾಯಿತು. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಅಂಗಿಯನ್ನು ಗೋಡೆಗೆ ತೂಗುಹಾಕಿ, ಮೊಬೈಲ್ ಕ್ಯಾಮೆರಾ ತೆರೆದು, ನೋಡುತ್ತಲೇ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಪರದೆಯಲ್ಲಿ ಅಂಗಿ ನೀರಿನಂತೆ ಅಲುಗಾಡಿದರೆ ಅದು ಬೇಡ. ದೊಡ್ಡ ಚೌಕಳಿಗೆ ಈ ರೋಗವಿಲ್ಲ, ಆದರೆ ನೋಡುವವರ ಕಣ್ಣು ಮುಖ ಬಿಟ್ಟು ಚೌಕಳಿಗೆ ಹೋಗುತ್ತದೆ.

ಬಣ್ಣದ ವಿಷಯದಲ್ಲಿ ಎಲ್ಲರ ಮೊದಲ ಆಯ್ಕೆ ಅಚ್ಚ ಬಿಳಿ. ನನಗೆ ಬಿಳಿ ಅಂದರೆ ಅಂಜಿಕೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಎದುರಿಗಿರುವುದೆಲ್ಲ ಶೇ. 18ರಷ್ಟು ಬೆಳಕು ಮರಳಿಸುವ ಬೂದು ಬಣ್ಣ ಅಂತಲೇ ತಿಳಿದಿರುತ್ತದೆ. ಬಿಳಿ ಅಂಗಿ ಕಂಡ ತಕ್ಷಣ ಬೆಳಕು ಜಾಸ್ತಿಯಾಯಿತೆಂದು ಎಲ್ಲವನ್ನೂ ಕಪ್ಪಗೆ ಮಾಡುತ್ತದೆ, ಮುಖವೂ ಕಪ್ಪಾಗುತ್ತದೆ. ಮುಖಕ್ಕೆ ಬೆಳಕು ಏರಿಸಿದರೆ ಅಂಗಿಯ ಗುಂಡಿ, ಹೊಲಿಗೆ ಮಾಯ. ಸ್ಟುಡಿಯೊದಲ್ಲಿ ಲೈಟು ತಿರುಗಿಸಿ ಸರಿಮಾಡಿಕೊಳ್ಳಬಹುದು, ಆದರೆ ಹಿಂದಿನ ಪರದೆಯೂ ಬಿಳಿಯಿದ್ದರೆ ಹೆಗಲು ಕರಗಿಹೋಗಿ ತಲೆಯೊಂದೇ ತೇಲುತ್ತದೆ. ತಿಳಿನೀಲಿ, ಕೆನೆ ಬಣ್ಣ, ಕಡುನೀಲಿ, ಮಣ್ಣಿನ ಬಣ್ಣ ಇವು ನಮ್ಮ ಗೋದಿ ಮೈಬಣ್ಣಕ್ಕೂ ಎಣ್ಣೆಗೆಂಪಿಗೂ ಒಪ್ಪುತ್ತವೆ. ಗಿಳಿಹಸಿರು ಅಂಗಿ ಹಾಕಿಕೊಂಡು ಬಂದ ಹುಡುಗನ ಗದ್ದದ ಕೆಳಗೆ ಹಸಿರು ಛಾಯೆ ಹೊಡೆದಿತ್ತು. ಲೈಟು ಅಂಗಿಗೆ ಬಡಿದು ಮೇಲಕ್ಕೆ ಎದ್ದಿತ್ತು. ಅವನ ಮುಖ ನೋಡಿ, ಮೈಯಲ್ಲಿ ಆರಾಮಿಲ್ಲೇನೋ ಅಂತ ಕೇಳಬೇಕು ಅನ್ನಿಸುತ್ತಿತ್ತು.

ಒಂದು ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ಬನಿಯನ್. ತೆಳು ಅಂಗಿಯೊಳಗೆ ಬನಿಯನ್ನಿನ ಪಟ್ಟಿ ಲೈಟಿಗೆ ಎದ್ದು ಕಾಣುತ್ತದೆ, ಮೇಲಿನ ಗುಂಡಿ ಬಿಚ್ಚಿದರೆ ಇಣುಕುತ್ತದೆ. ಕುತ್ತಿಗೆಯ ಪೌಡರೂ ಹಾಗೆಯೇ, ಕನ್ನಡಿಯಲ್ಲಿ ಕಾಣದ್ದು ಲೈಟು ಬಿದ್ದಾಗ ಸುಣ್ಣದಂತೆ ಕಾಣುತ್ತದೆ.

ಅಕ್ಕಂದಿರು ಕೇಳುವುದು ಬೇರೆ ರೀತಿ. “ಇಳಕಲ್ ಸೀರಿ ಉಟ್ಕೊಂಡ್ರ ಹಳೇ ಕಾಲದವ್ರಂಗ ಕಾಣ್ತೇನೇನ್ರಿ?” ಹೋದ ವರ್ಷ ಒಬ್ಬ ಪ್ರಾಧ್ಯಾಪಕಿ ಹೀಗೆ ಕೇಳಿ, ಚೀಲದಲ್ಲಿ ಒಂದು ಹೊಳೆಯುವ ರೇಷ್ಮೆ ಸೀರೆ, ಒಂದು ಕಡುಹಸಿರು ಇಳಕಲ್ ಎರಡೂ ತಂದಿದ್ದರು. ಮೊದಲು ರೇಷ್ಮೆ. ಲೈಟು ಬಿದ್ದ ಕಡೆಯಲ್ಲೆಲ್ಲ ಸೀರೆ ಮಿರಮಿರ ಮಿಂಚಿತು, ಎದೆಯ ಮೇಲೆ ಮೂರು ಬಿಳಿ ಕಲೆ. ಆಮೇಲೆ ಇಳಕಲ್. ಅದರ ಕೆಂಪು ತೆನಿ ಸೆರಗು ಬೆನ್ನಿಗೆ ಹೋಯಿತು, ಈ ಫೋಟೋದಲ್ಲಿ ಅದು ಬರುವುದೇ ಇಲ್ಲ. ಉಳಿದದ್ದು ಹತ್ತಿಯ ಹಸಿರು ಒಡಲು, ಸೊಂಟದಿಂದ ಎಡಹೆಗಲಿಗೆ ಓರೆಯಾಗಿ ಏರುವ ಕೆಂಪು ದಡಿ, ಒಳಗೆ ಗುಳೇದಗುಡ್ಡದ ಖಣದ ಕುಪ್ಪಸ. ಆ ದಡಿಯ ಗೆರೆ ಹಿಡಿದೇ ನೋಡುವವರ ಕಣ್ಣು ಮುಖಕ್ಕೆ ಹತ್ತುತ್ತದೆ. ನಾನು ಮಾಡಿದ್ದು ಹೆಗಲ ಮೇಲಿನ ನಿರಿಗೆಯನ್ನು ಇನ್ನಷ್ಟು ಸಣ್ಣದಾಗಿ ಮಡಚಿ ಪಿನ್ನು ಹಾಕಲು ಹೇಳಿದ್ದು ಮಾತ್ರ. ಅಗಲ ಸೆರಗು ಬಿಟ್ಟರೆ ಹೆಗಲು ಇಳಿದಂತೆ ಕಾಣುತ್ತದೆ. ಕಾಲೇಜಿನವರು ಯಾವ ಫೋಟೋ ಹಾಕಿದರು ಅಂತ ಬೇರೆ ಹೇಳಬೇಕೇ!

ಹಣೆಯ ವಿಭೂತಿ, ಕುಂಕುಮ ಒರೆಸಬೇಕೇ ಅಂತಲೂ ಕೇಳುತ್ತಾರೆ. ದಿನಾ ಹಚ್ಚುತ್ತೀರಾದರೆ ಇರಲಿ. ಕನ್ನಡಕವೂ ಹಾಗೆಯೇ, ಗಾಜಿನ ಮೇಲಿನ ಹೊಳಪು ತಪ್ಪಿಸುವುದು ನನ್ನ ಕೆಲಸ. ಅಮೆರಿಕ ವೀಸಾದ ಫೋಟೋ ಬೇರೆ ಮಾತು, 2016ರ ನವೆಂಬರಿನಿಂದ ಅದಕ್ಕೆ ಕನ್ನಡಕ ನಡೆಯುವುದಿಲ್ಲ.

ಪ್ಯಾಂಟು ಯಾವುದಿದ್ದರೂ ಆಯಿತು. ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಲುಂಗಿಯಲ್ಲಿ ಕೂತ ಡಾಕ್ಟರೊಬ್ಬರ ಫೋಟೋ ಇಂದಿಗೂ ಅವರ ದವಾಖಾನೆಯ ಬೋರ್ಡಿನ ಮೇಲಿದೆ.

ಹಾಗಾಗಿ ಈಗ ಫೋನಿನಲ್ಲಿ ಕೊನೆಗೆ ಒಂದೇ ಮಾತು ಹೇಳುತ್ತೇನೆ: “ಎರಡು ಅಂಗಿ ಇಸ್ತ್ರಿ ಮಾಡ್ಸಿ ಹ್ಯಾಂಗರಿಗೆ ಹಾಕ್ಕೊಂಡ ಬರ್ರಿ. ಮುಧೋಳದಿಂದ ಗಾಡಿ ಮ್ಯಾಲ ಹಾಕ್ಕೊಂಡ ಬಂದ್ರ ಧೂಳು, ಬೆವರು, ಎಲ್ಲಾ ನನ್ನ ಲೈಟಿಗೆ ಕಾಣ್ತೈತಿ. ಇಲ್ಲೇ ಬದಲಿಸ್ರಿ.” ಆ ಕಡೆಯಿಂದ ಆಗಲೂ ಕೇಳುತ್ತಾರೆ, “ಕೋಟ್ ಐತೇನ್ರಿ ನಿಮ್ಮಲ್ಲಿ?” ಐತಿ ಅನ್ನುತ್ತೇನೆ. ಮೊಳೆಗೆ ತೂಗುಹಾಕಿದ್ದು ಹಾಗೇ ಇದೆ, ಚಿಮಟಿಗಳೂ ಅದರ ಜೇಬಿನಲ್ಲೇ ಇವೆ.