ಸ್ಟೀವ್ ಬಿಕೊ ಬೆಳೆದ ಊರಿಗೆ ಹೋಗುವವರಿಗೆ

ದಕ್ಷಿಣ ಆಫ್ರಿಕಾಕ್ಕೆ ಹೋಗುವ ನಮ್ಮವರಲ್ಲಿ ಬಹುಪಾಲು ಜನ ಕೇಪ್‌ಟೌನ್ ಮತ್ತು ರಾಬೆನ್ ದ್ವೀಪ ನೋಡಿಕೊಂಡು ಹಿಂದಿರುಗುತ್ತಾರೆ. ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬಿಕೊ ಅವರನ್ನು ಅರಿಯಬೇಕೆನ್ನುವವರು ಈಸ್ಟರ್ನ್ ಕೇಪ್ ಪ್ರಾಂತ್ಯದ ಗಿನ್ಸ್‌ಬರ್ಗ್ ಬಡಾವಣೆಗೆ ಎರಡು ಪೂರ್ತಿ ದಿನ ಇಟ್ಟುಕೊಳ್ಳಬೇಕು. ಒಂದೇ ದಿನ ಸಾಕೆಂದು ಹೊರಟ ನಾನು ಇಳಿಹೊತ್ತಿಗೆ ತಲುಪಿದ್ದರಿಂದ, ಏನನ್ನೂ ಸರಿಯಾಗಿ ನೋಡಲಾಗದೆ ಮರುದಿನ ಮತ್ತೆ ಬರಬೇಕಾಯಿತು.

ಜೊಹಾನ್ಸ್‌ಬರ್ಗ್‌ನಿಂದ ಈಸ್ಟ್ ಲಂಡನ್‌ಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿನ ಸಿಟಿ ಹಾಲ್ ಎದುರು, 1997ರಲ್ಲಿ ಮಂಡೇಲಾ ಅನಾವರಣ ಮಾಡಿದ ಬಿಕೊ ಪ್ರತಿಮೆಯಿದೆ. ಅಲ್ಲಿಂದ ಕಿಂಗ್ ವಿಲಿಯಮ್ಸ್ ಟೌನ್‌ಗೆ ಸುಮಾರು 60 ಕಿ.ಮೀ. 2021ರಲ್ಲಿ ಆ ಊರಿನ ಹೆಸರು ಕೊನ್ಸೆ ಎಂದು ಬದಲಾಗಿರುವುದರಿಂದ ದಾರಿ ಹುಡುಕುವಾಗ ಎರಡೂ ಹೆಸರು ನೆನಪಿರಲಿ. ನಮ್ಮಲ್ಲಿಯಂತೆ ಅಲ್ಲಿಯೂ ಎಡಬದಿಯ ಸಂಚಾರವಾದ್ದರಿಂದ ಬಾಡಿಗೆ ಕಾರು ಓಡಿಸುವುದು ಕಷ್ಟವಲ್ಲ. ಆದರೆ ಮುಸ್ಸಂಜೆಯಲ್ಲಿ ದನಕರುಗಳು ರಸ್ತೆಗೆ ಬರುತ್ತವೆ, ಕತ್ತಲಾಗುವ ಮುನ್ನ ವಸತಿ ಸೇರಿಕೊಳ್ಳಿ.

ಊರಿನಿಂದ ಬಫಲೊ ನದಿ ದಾಟಿದರೆ ಗಿನ್ಸ್‌ಬರ್ಗ್. ಬಿಳಿಯರ ಪೇಟೆ ಆಚೆ, ಕರಿಯರ ಬಡಾವಣೆ ಈಚೆ ಎಂದು ಪ್ರಭುತ್ವ ಗೆರೆ ಎಳೆದಿದ್ದು ಇಲ್ಲಿ ಕಾಲಿಗೇ ತಿಳಿಯುತ್ತದೆ. ಆದ್ದರಿಂದ ಹಗಲಿನಲ್ಲಿ, ಸ್ಥಳೀಯ ಮಾರ್ಗದರ್ಶಕರೊಬ್ಬರೊಡನೆ ನಡೆದೇ ನೋಡಿ. 2012ರಲ್ಲಿ ತೆರೆದ ಸ್ಟೀವ್ ಬಿಕೊ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ದಾರಿ ಕೇಳುವ ಮುನ್ನ ಅಲ್ಲಿನವರ ಖೋಸಾ ಭಾಷೆಯಲ್ಲಿ ‘ಮೊಲೊ’ ಎಂದು ನಮಸ್ಕರಿಸುವುದನ್ನು ಮರೆಯಬೇಡಿ. ಬಟ್ಟೆ ಹರವುತ್ತಿದ್ದ ಹಿರಿಯರೊಬ್ಬರನ್ನು ನಾನು ನೇರವಾಗಿ ದಾರಿ ಕೇಳಿದಾಗ ಅವರು ಸುಮ್ಮನೆ ನನ್ನ ಮುಖ ನೋಡಿದರು. ನಮಸ್ಕರಿಸಿದ ಮೇಲೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ತಿರುವಿನವರೆಗೆ ಜೊತೆಗೇ ಬಂದರು.

ಬಿಕೊ ಅವರ ಮನೆಯನ್ನು ಮೊದಲು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. 1946ರಲ್ಲಿ ಹುಟ್ಟಿದ ಅವರು 1950ರಲ್ಲಿ ತಂದೆಯನ್ನು ಕಳೆದುಕೊಂಡರು. ತಾಯಿ ಆಲಿಸ್ ಮನೆಗೆಲಸ ಮಾಡಿ, ಬಳಿಕ ಗ್ರೇ ಆಸ್ಪತ್ರೆಯ ಅಡುಗೆಯವರಾಗಿ ನಾಲ್ವರು ಮಕ್ಕಳನ್ನು ಸಾಕಿದರು. ಹುಡುಗನನ್ನು ಲವ್‌ಡೇಲ್ ಶಾಲೆಗೆ ಕಳಿಸಲು ಬಡಾವಣೆಯ ಜನರೇ ವಿದ್ಯಾರ್ಥಿವೇತನ ಕೊಟ್ಟರು. ಅಣ್ಣನ ಬಂಧನದ ಬೆನ್ನಿಗೇ ಶಾಲೆ ಸ್ಟೀವ್‌ನನ್ನು ಹೊರಹಾಕಿತು. ಡರ್ಬನ್‌ನಲ್ಲಿ ವೈದ್ಯಕೀಯ ಓದುತ್ತಲೇ ಅವರು ಕರಿಯ ವಿದ್ಯಾರ್ಥಿಗಳ ಸಂಘಟನೆ ಸಾಸೊ ಕಟ್ಟಿ, 1969ರಲ್ಲಿ ಅದರ ಮೊದಲ ಅಧ್ಯಕ್ಷರಾದರು. ಭಾರತೀಯ ಮೂಲದವರನ್ನೂ ‘ಕರಿಯರು’ ಎಂದೇ ಜೊತೆಗೆ ಸೇರಿಸಿಕೊಂಡ ಸಂಘಟನೆ ಅದೆಂಬುದು ನಮ್ಮ ಪಾಲಿಗೆ ಸಣ್ಣ ವಿಷಯವಲ್ಲ.

1973ರಲ್ಲಿ ಸರಕಾರ ಅವರನ್ನು ನಿಷೇಧಕ್ಕೊಳಪಡಿಸಿ, ಈ ಊರಿನ ಗಡಿಯೊಳಗೇ ಇರಿಸಿತು. ಒಮ್ಮೆಗೆ ಒಬ್ಬರಿಗಿಂತ ಹೆಚ್ಚು ಜನರೊಡನೆ ಅವರು ಮಾತನಾಡುವಂತಿರಲಿಲ್ಲ. ಅವರ ಬಾಯಿ ಕಟ್ಟಲೆಂದು ಆರಿಸಿದ ಊರಿನಲ್ಲೇ ಅವರು ಕೆಲಸ ಹೂಡಿದರು. ಎರಡನೆಯ ದಿನವನ್ನು ಜಿನ್ಯೋಕಾ ಹಳ್ಳಿಗೆ ಮೀಸಲಿಡಿ ಎನ್ನಲು ಇದೇ ಕಾರಣ: 1975ರಲ್ಲಿ ಬಿಕೊ ಮತ್ತು ಸಂಗಡಿಗರು ತೆರೆದ ಜನೆಂಪಿಲೊ ಆರೋಗ್ಯ ಕೇಂದ್ರ ಅಲ್ಲಿದೆ. ಅದರ ಮೊದಲ ವೈದ್ಯೆ ಮಾಂಫೆಲಾ ರಾಂಫೆಲೆ.

ಸಮಾಧಿಯಿರುವ ಸ್ಮರಣೆಯ ಉದ್ಯಾನವನ್ನು ಕೊನೆಗೆ ಇಟ್ಟುಕೊಳ್ಳಿ. 1977ರ ಆಗಸ್ಟ್ 18ರಂದು ರಸ್ತೆ ತಡೆಯಲ್ಲಿ ಬಂಧಿತರಾದ ಅವರು, ಪೊಲೀಸರ ಹೊಡೆತದಿಂದ ತಲೆಗೆ ಗಾಯವಾಗಿ ಸೆಪ್ಟೆಂಬರ್ 12ರಂದು ಪ್ರಿಟೋರಿಯಾದಲ್ಲಿ ಕೊನೆಯುಸಿರೆಳೆದರು; ವಯಸ್ಸು 30. ಅಮ್ಮನ ಮನೆಯನ್ನು ನೋಡಿ ಬಂದ ಮೇಲೆ ಆ ಕಲ್ಲಿನ ಮುಂದೆ ನಿಲ್ಲುವುದೇ ಬೇರೆ. ಅಲ್ಲಿ ಅರ್ಧ ಗಂಟೆಯಾದರೂ ಕೂರುವಷ್ಟು ಬಿಡುವು ಇಟ್ಟುಕೊಂಡು ಹೋಗಿ.