ಆಟಗಾರನ ಮಾತು ಕೇಳದ ತಮ್ಮ

ಡೋಂಟ್‌ನಾಡ್ ಸಂಸ್ಥೆ ರೂಪಿಸಿದ, 2018 ಮತ್ತು 2019ರಲ್ಲಿ ಐದು ಕಂತುಗಳಾಗಿ ಹೊರಬಂದ 'ಲೈಫ್ ಈಸ್ ಸ್ಟ್ರೇಂಜ್ 2' ವಿಡಿಯೊ ಆಟದಲ್ಲಿ, ತಂದೆ ಪೊಲೀಸನ ಗುಂಡಿಗೆ ಬಲಿಯಾದ ಮೇಲೆ, ಹದಿನಾರರ ಶಾನ್ ತನ್ನ ಒಂಬತ್ತು ವರ್ಷದ ತಮ್ಮ ಡೇನಿಯಲ್‌ನನ್ನು ಕರೆದುಕೊಂಡು ಸಿಯಾಟಲ್‌ನಿಂದ ಮೆಕ್ಸಿಕೋದತ್ತ ಹೊರಡುತ್ತಾನೆ. ವಸ್ತುಗಳನ್ನು ಮುಟ್ಟದೆಯೇ ಎತ್ತಿ ಎಸೆಯಬಲ್ಲ ಶಕ್ತಿ ಇರುವುದು ತಮ್ಮನಿಗೆ. ನಮ್ಮ ಕೈಯಲ್ಲಿರುವುದು ಅಣ್ಣ ಮಾತ್ರ. ಈ ಹಂಚಿಕೆಯೇ ಆಟದ ಜೀವಾಳವೆಂದು ನನಗನ್ನಿಸುತ್ತದೆ.

ಮೊದಲ ಕಂತಿನಲ್ಲಿ ಹಸಿದ ಇಬ್ಬರೂ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನ ಅಂಗಡಿಗೆ ಬರುತ್ತಾರೆ. ಜೇಬಿನಲ್ಲಿ ಅಲ್ಪಸ್ವಲ್ಪ ಹಣವಿದೆ. ಕೊಳ್ಳಬಹುದು, ಕದಿಯಲೂಬಹುದು. ಬೇರೆ ಆಟಗಳಲ್ಲಿ ಕದ್ದ ವಸ್ತು ಚೀಲ ಸೇರಿದರೆ ಮುಗಿಯಿತು. ಇಲ್ಲಿ ಪಕ್ಕದಲ್ಲೇ ನಿಂತ ಹುಡುಗ ಅಣ್ಣನ ನಡತೆಯನ್ನು ನೋಡಿ ಕಲಿಯುತ್ತಾನೆ. ಬೈಗುಳವನ್ನೂ ಬಿಡುವುದಿಲ್ಲ.

ಕೊನೆಗೆ ಗಡಿಯಲ್ಲಿ ಶರಣಾಗುವುದೋ ದಾಟುವುದೋ ಎಂಬ ಆಯ್ಕೆ ಎದುರಾಗುತ್ತದೆ. ನಾವು ಶರಣಾಗಲು ನಿರ್ಧರಿಸಿದರೂ, ದಾರಿಯುದ್ದಕ್ಕೂ ಹಿಂಸೆಯನ್ನೇ ಕಲಿತ ಡೇನಿಯಲ್ ಒಪ್ಪದೆ ಪೊಲೀಸರನ್ನು ಭೇದಿಸಿ ನುಗ್ಗುತ್ತಾನೆ, ಶಾನ್ ಗುಂಡೇಟಿಗೆ ಸಾಯುತ್ತಾನೆ. ನೀತಿ ಕಲಿತವನಾದರೆ ಅಣ್ಣನೊಂದಿಗೆ ಶರಣಾಗುತ್ತಾನೆ, ಶಾನ್ ಹದಿನೈದು ವರ್ಷ ಜೈಲಿನಲ್ಲಿ ಕಳೆಯುತ್ತಾನೆ. ಆಟಗಾರನ ನಿರ್ಧಾರವನ್ನು ಕಸಿದುಕೊಂಡರೆಂದು ಕೆಲವರು ದೂರಬಹುದು. ನಾನು ಒಪ್ಪುವುದಿಲ್ಲ: ತಮ್ಮನ ಆ ನಿರ್ಧಾರದಲ್ಲಿ ಇರುವುದು, ಪೆಟ್ರೋಲ್ ಬಂಕಿನಿಂದ ಗಡಿಯವರೆಗೆ ನಾವೇ ಅವನೆದುರು ಮಾಡಿದ ಆಯ್ಕೆಗಳು.