ಅವೆನ್ಯೂ ರಸ್ತೆಯ ಮೂರನೇ ಮ್ಯಾನ್‌ಹೋಲ್

ಬೆಳಗ್ಗೆ ಆರಕ್ಕೇ ಅವೆನ್ಯೂ ರಸ್ತೆ ಮುಟ್ಟಿದ್ದೆವು. ಅಂಗಡಿಗಳ ಶಟರ್ ಏಳುವುದರೊಳಗೆ ಒಳಗಿನ ಒಂದು ಓಣಿಯ ಮ್ಯಾನ್‌ಹೋಲ್‌ಗಳನ್ನೆಲ್ಲ ಅಳೆದು ಮುಗಿಸಬೇಕಿತ್ತು. ಸರ್ವೆ ಕೆಲಸಕ್ಕೆ ಬಂದು ನನಗೆ 11 ವರ್ಷ ಆಯಿತು. ಬಯಲಲ್ಲಿ ರೋವರ್, ಅಂದರೆ ಕೋಲಿನ ತುದಿಗಿರುವ ಜಿಪಿಎಸ್ ರಿಸೀವರ್, ಹಿಡಿದು ಓಡಾಡಿದರೆ ಸಾಕು, ಪಾಯಿಂಟ್‌ಗಳು ತಾವಾಗೇ ಬೀಳುತ್ತವೆ. ಪೇಟೆಯ ಓಣಿಯಲ್ಲಿ ಒಂದೊಂದು ಪಾಯಿಂಟಿಗೂ ಕಾಯಬೇಕು.

ಮೂರನೇ ಮುಚ್ಚಳದ ನಡುವೆ ರೋವರ್‌ನ ಪೋಲ್ ಊರಿದೆ. ಪೋಲ್ ನೆಟ್ಟಗಿದೆ ಅಂತ ತೋರಿಸುವ ಗುಳ್ಳೆ ಮಧ್ಯಕ್ಕೆ ಬಂತು. ಸ್ಕ್ರೀನ್ ಮೇಲೆ ‘ಫ್ಲೋಟ್’ ಅಂತಲೇ ಇತ್ತು, ಅಂದರೆ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ. ಸ್ವಲ್ಪ ಹೊತ್ತಿಗೆ ‘ಫಿಕ್ಸ್’, ಅಂದರೆ ಲೆಕ್ಕ ಗಟ್ಟಿಯಾಯಿತು ಅಂತ ಬಂತು, 2 ಸೆಂಟಿಮೀಟರ್ ನಿಖರ ಅಂತ ತೋರಿಸಿತು.

“ಬಂತು ಅಣ್ಣಾ, ಸೇವ್ ಮಾಡ್ಲಾ?” ಅಂದ ಜೊತೆಗಿದ್ದ ಹುಡುಗ.

ಮಾಡಿಸಿದೆ. ಆದರೂ ಮನಸ್ಸು ಒಪ್ಪಲಿಲ್ಲ. ಒಂದು ಕಡೆ ಹಳೇ ಮೂರಂತಸ್ತಿನ ಮನೆ, ಎದುರಿಗೆ ಮೈತುಂಬಾ ಗಾಜು ಹೊದ್ದ ಹೊಸ ಕಟ್ಟಡ. ಮುಂದಿನ ಕೆಲಸ ನೋಡಿಕೊಂಡು, ಮುಕ್ಕಾಲು ಗಂಟೆ ಬಿಟ್ಟು ಬಂದು ಅದೇ ಮುಚ್ಚಳದ ಮೇಲೆ ಮತ್ತೆ ನಿಂತೆ. ಮತ್ತೆ ಫಿಕ್ಸ್, ಮತ್ತೆ 2 ಸೆಂಟಿಮೀಟರ್. ಆದರೆ ಎರಡು ರೀಡಿಂಗ್‌ಗಳ ನಡುವೆ 40 ಸೆಂಟಿಮೀಟರ್ ವ್ಯತ್ಯಾಸ! ಅದೂ ಓಣಿಯ ಅಡ್ಡಕ್ಕೆ. ಉದ್ದಕ್ಕೆ ಎರಡೂ ಸರಿಯಾಗಿ ಕೂತಿದ್ದವು.

ಓಣಿಯಲ್ಲಿ ಆಕಾಶ ಕಾಣುವುದು ಉದ್ದಕ್ಕೆ ಮಾತ್ರ ಅಲ್ವಾ? ಎರಡೂ ಪಕ್ಕದ ಉಪಗ್ರಹಗಳನ್ನು ಗೋಡೆ ಮುಚ್ಚಿಬಿಡುತ್ತದೆ. ಜಿಪಿಎಸ್ ಉಪಗ್ರಹ ಇರುವುದು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ಮೊದಲೇ ಬಡಕಲು. ನೇರವಾಗಿ ಬರುವುದು ಗೋಡೆಗೆ ನಿಂತು, ಗಾಜಿಗೆ ಬಡಿದು ಸುತ್ತಿ ಬಂದದ್ದು ರೋವರ್‌ಗೆ ಸಿಕ್ಕರೆ ದೂರದ ಲೆಕ್ಕ ಕೆಡುತ್ತದೆ. ಒಂದು ನ್ಯಾನೋಸೆಕೆಂಡ್ ತಡ ಅಂದರೆ 30 ಸೆಂಟಿಮೀಟರ್ ಜಾಸ್ತಿ. ಇನ್ನು ನಮ್ಮ ರೋವರ್ ಎಣಿಸುವುದು ಅಲೆಗಳನ್ನು. ಜಿಪಿಎಸ್ ಉಪಗ್ರಹ ಕಳಿಸುವ ಎಲ್1 ಅನ್ನುವ ಸಿಗ್ನಲ್‌ನ ಒಂದು ಅಲೆ ಸುಮಾರು 19 ಸೆಂಟಿಮೀಟರ್. ಹಾಗೆ ಸುತ್ತಿ ಬಂದ ಸಿಗ್ನಲ್‌ಗಳ ಮಧ್ಯೆ ಎಣಿಕೆ ಒಂದೆರಡು ಅಲೆ ತಪ್ಪಿದರೂ ಅದು ‘ಫಿಕ್ಸ್’ ಅಂತಲೇ ಹೇಳುತ್ತದೆ. ನನಗೆ ಭಯ ಆಗುವುದು ಇದಕ್ಕೇ. ಫ್ಲೋಟ್ ಇದ್ದರೆ ಹುಷಾರಾಗಿರುತ್ತೇವೆ. ಫಿಕ್ಸ್ ಕಂಡರೆ ಎಲ್ಲರೂ ನಂಬುತ್ತಾರೆ. ಆ ಓಣಿಯ ಅಗಲವೇ ಹತ್ತು ಅಡಿ, ಅದರೊಳಗೆ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್. ನಾಳೆ ನಮ್ಮ ನಕ್ಷೆ ನೋಡಿ ಅಗೆಯುವವನ ಕೈಯಲ್ಲಿ ಹಾರೆ ಇರುತ್ತದೆ.

ಮುಕ್ಕಾಲು ಗಂಟೆ ಬಿಟ್ಟದ್ದು ಸುಮ್ನೆ ಅಲ್ಲ. ಜಿಪಿಎಸ್ ಉಪಗ್ರಹ 12 ಗಂಟೆಗೂ ಸ್ವಲ್ಪ ಮೊದಲೇ ಒಂದು ಸುತ್ತು ಮುಗಿಸುತ್ತದೆ. ಮುಕ್ಕಾಲು ಗಂಟೆಯಲ್ಲಿ ಅವುಗಳ ಜಾಗ ಬದಲಾಗಿ, ಗಾಜಿಗೆ ಬಡಿಯುವ ರೀತಿಯೂ ಬದಲಾಗುತ್ತದೆ.

ಆದರೆ ಎರಡರಲ್ಲಿ ಯಾವುದು ಸರಿ? ಮೈಸೂರು ಬ್ಯಾಂಕ್ ಸರ್ಕಲ್ ಕಡೆ ಆಕಾಶ ತೆರೆದ ಜಾಗದಲ್ಲಿ ಎರಡು ಪಾಯಿಂಟ್ ತಗೊಂಡು, ಅಲ್ಲಿಂದ ಟೋಟಲ್ ಸ್ಟೇಷನ್‌ನಲ್ಲಿ (ಉಪಗ್ರಹ ಇಲ್ಲದೆ ಕೋನ, ದೂರ ಅಳೆಯುವ ಯಂತ್ರ) ಟ್ರಾವರ್ಸ್ ಮಾಡುತ್ತಾ, ಅಂದರೆ ಒಂದು ಪಾಯಿಂಟಿನಿಂದ ಮುಂದಿನದಕ್ಕೆ ಅಳೆಯುತ್ತಾ, ಓಣಿಗೆ ಬಂದೆವು. ಎರಡನೇ ರೀಡಿಂಗ್ 3 ಸೆಂಟಿಮೀಟರ್ ಒಳಗೆ ಕೂತಿತು.

ಮೊದಲನೆಯದನ್ನು ಅಳಿಸಲಿಲ್ಲ. ಫೀಲ್ಡ್ ಬುಕ್ಕಿನಲ್ಲಿ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಎರಡೂ ಹೊತ್ತು ಬರೆದೆ: 6.40, 7.25. ಹುಡುಗ ಅಷ್ಟರಲ್ಲಿ ಮೊದಲನೇ ಮ್ಯಾನ್‌ಹೋಲ್ ಕಡೆಗೆ ಪೋಲ್ ಹೊತ್ತುಕೊಂಡು ಹೊರಟಿದ್ದ.